ಪಹಣಿಯಲ್ಲಿ ಹೆಸರಿಲ್ಲದೆ ಕಂತು ಬಾರದು

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ರೈತ ಮಹಿಳೆ. ಪತಿ 2023ರಲ್ಲಿ ತೀರಿಕೊಂಡರು. 2010ರಲ್ಲಿ ಭಾಗವಾಗಿ ಬಂದ 3 ಎಕರೆ ಖುಷ್ಕಿ ಜಮೀನಿನ ಪಹಣಿ ಇಂದಿಗೂ ಅವರ ಹೆಸರಿನಲ್ಲಿದೆ. ಅವರು ಹೋದ ಮೇಲೂ ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ-ಕಿಸಾನ್‌ನ ಎರಡು ಕಂತು ಅವರ ಖಾತೆಗೆ ಬಂತು. ತೆಗೆದು ಬಿತ್ತನೆ ಶೇಂಗಾಕ್ಕೆ ಹಾಕಿದೆ. ಆಮೇಲೆ ಹಣ ನಿಂತಿತು. ಆಧಾರ್ ಜೋಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಗನಿಗೆ 22 ವರ್ಷ, ಮಗಳಿಗೆ ಮದುವೆಯಾಗಿದೆ. ನನಗೆ ಹಣ ಸಿಗುವುದೇ?

ಉತ್ತರ: ಸಿಗುತ್ತದೆ, ಅಮ್ಮ. ಆದರೆ ನಿಮ್ಮ ಕೆಲಸ ಶುರುವಾಗಬೇಕಾದದ್ದು ನಾಡಕಚೇರಿಯಲ್ಲಿ. ಆಧಾರ್ ಜೋಡಣೆ ಕೊನೆಯ ಹಂತ. ಈ ಯೋಜನೆಯ ಹಣ ಪಹಣಿಯಲ್ಲಿ ಹೆಸರಿರುವವರಿಗೆ ಮಾತ್ರ. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರನ್ನು ಸೇರಿಸಿಕೊಳ್ಳುವುದಿಲ್ಲ, ಆದರೆ ಮಾಲೀಕರ ಮರಣದಿಂದ ವಾರಸಾಗಿ ಪಡೆದವರಿಗೆ ಆ ಕಟ್ಟು ಇಲ್ಲ. ನಿಮ್ಮ ದಾರಿ ತೆರೆದೇ ಇದೆ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಆಧಾರ್ ಹಿಡಿದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಮಗಳ ಹೆಸರು ಇರಲೇಬೇಕು. ಮದುವೆಯಾದವಳಲ್ಲವೇ, ಬಿಟ್ಟುಬಿಡಿ ಎಂದು ಹೇಳುವವರು ಹಳ್ಳಿಗೊಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ಮಗಳಿಗೂ ಅನ್ಯಾಯ. ನಿಮ್ಮ ಅತ್ತೆ ಬದುಕಿದ್ದರೆ ಅವರೂ ವಾರಸುದಾರರೇ.

ಪಹಣಿ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮದೇ ಹೆಸರಿನಲ್ಲಿ ಫ್ರೂಟ್ಸ್ ಸಂಖ್ಯೆ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಸಿ, ಅದಕ್ಕೆ ಸರ್ವೆ ನಂಬರ್ ಸೇರಿಸಿ, ಪಿಎಂ-ಕಿಸಾನ್‌ಗೆ ಹೊಸದಾಗಿ ನೋಂದಾಯಿಸಿ. ಬೆರಳಚ್ಚು ಕೊಟ್ಟು ಇ-ಕೆವೈಸಿ ಮುಗಿಸಿ. ಆಗ ನಿಮ್ಮ ಸ್ವಂತ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಬೇಕಾಗುತ್ತದೆ. ವಯಸ್ಕ ಮಗನನ್ನು ಯೋಜನೆ ಬೇರೆ ಕುಟುಂಬವೆಂದೇ ಎಣಿಸುತ್ತದೆ. ಪಹಣಿಯಲ್ಲಿ ಅವನ ಪಾಲೂ ದಾಖಲಾಗಿ, ಅವನು ಆದಾಯ ತೆರಿಗೆ ಕಟ್ಟುವವನೋ ಸರ್ಕಾರಿ ನೌಕರನೋ ಅಲ್ಲದಿದ್ದರೆ ಅವನೂ ಅರ್ಜಿ ಹಾಕಬಹುದು.

ತಡಮಾಡಬೇಡಿ. ವರ್ಷಕ್ಕೆ 6,000 ರೂಪಾಯಿ ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಬರುತ್ತದೆ, ಮತ್ತು ಹೆಸರು ಸೇರಿದ ಅವಧಿಯಿಂದಷ್ಟೇ ಲೆಕ್ಕ. ಕಳೆದ ಕಂತುಗಳು ಆಮೇಲೆ ಸಿಗುವುದಿಲ್ಲ.

ಇನ್ನು ಆ 4,000 ರೂಪಾಯಿ. ನೀವು ಕದ್ದಿಲ್ಲ, ಹೊಲಕ್ಕೇ ಹಾಕಿದ್ದೀರಿ. ಆದರೂ ಪತಿಯ ಮರಣದ ನಂತರ ಅವರ ಹೆಸರಿಗೆ ಬಂದ ಹಣವದು, ಮರಳಿಸಬೇಕು. ಅಧಿಕಾರಿ ಕೇಳುವ ಮೊದಲು ನೀವೇ ಕೃಷಿ ಕಚೇರಿಗೆ ಹೋಗಿ ಹೇಳಿ, ಕಟ್ಟಿದ್ದಕ್ಕೆ ರಸೀದಿ ಪಡೆಯಿರಿ.

ಪ್ರಶ್ನೆ: ಎಂಟು ವರ್ಷಗಳಿಂದ ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಬೆಳೆಯಲ್ಲಿ ಮಾಲೀಕರಿಗೆ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದೇನೆ. ಕಂತು ಊರು ಬಿಟ್ಟಿರುವ ಮಾಲೀಕರಿಗೆ ಹೋಗುತ್ತದೆ. ನನಗೇನೂ ಇಲ್ಲವೇ?

ಉತ್ತರ: ಈ ಯೋಜನೆಯಲ್ಲಿ ಇಲ್ಲ. ಹೀಗೆ ಬರೆಯಲು ನನಗೆ ಸಂಕಟವಾಗುತ್ತದೆ. ಗೊಬ್ಬರಕ್ಕೆ ಸಾಲ ಮಾಡುವವರು ನೀವು, ಮಳೆ ಕೈಕೊಟ್ಟರೆ ನಷ್ಟ ಹೊರುವವರೂ ನೀವೇ. ನಮ್ಮ ಭೂಸುಧಾರಣಾ ಕಾಯ್ದೆ ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸಿರುವುದರಿಂದ ಕೋರು ಬಾಯಿಮಾತಿನಲ್ಲೇ ನಡೆಯುತ್ತದೆ. ಕಾಗದವಿಲ್ಲದ ರೈತ ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ. ಇದು ಬದಲಾಗಲೇಬೇಕು. ಸದ್ಯಕ್ಕೆ, ಮುಂದಿನ ಹಂಗಾಮಿನ ಕೋರು ಮಾತಾಡುವಾಗ ಮಾಲೀಕರಿಗೆ ಬರುವ 6,000 ರೂಪಾಯಿಯನ್ನೂ ಪ್ರಸ್ತಾಪಿಸಿ, ಗೊಬ್ಬರದ ಖರ್ಚಿನಲ್ಲಿ ಅಷ್ಟು ಪಾಲು ಅವರು ಹೊರಲಿ ಎಂದು ಕೇಳಿ.