ಹಾಡು ನಿನ್ನದು, ಚಾನೆಲ್ ಭಾವನದು

ಬೈಲಕುಪ್ಪೆಯಿಂದ ಬಂದ ಪತ್ರ. ಬರೆದವನಿಗೆ ಇಪ್ಪತ್ತನಾಲ್ಕು. ಟಿಬೆಟನ್ ಹುಡುಗ, ಹುಟ್ಟಿದ್ದು ಅಲ್ಲೇ ಕ್ಯಾಂಪಿನಲ್ಲಿ, ಡಿಗ್ರಿ ಮುಗಿಸಿದ್ದು ಮೈಸೂರಿನಲ್ಲಿ. ಅವರ ಆರು ತಂತಿಯ ಡ್ರಾನ್ಯೆನ್ ನುಡಿಸುತ್ತಾನೆ, ಗಿಟಾರೂ ಬರುತ್ತದೆ, ಹಾಡು ತಾನೇ ಕಟ್ಟುತ್ತಾನೆ. ಸಂಗೀತದಲ್ಲೇ ಬದುಕು ಕಟ್ಟಿಕೊಳ್ಳುವ ಆಸೆ. ತಾಯಿ ನರ್ಸಿಂಗ್ ಆದರೂ ಸರಿ, ಬೆಂಗಳೂರಿನ ಕಾಲ್ ಸೆಂಟರ್ ಆದರೂ ಸರಿ, ಏನಾದರೊಂದು ಹಿಡಿ ಅನ್ನುತ್ತಾರೆ. ಅಕ್ಕನ ಗಂಡ ಟೊರಾಂಟೊದಲ್ಲಿದ್ದಾನೆ. ಕ್ಯಾಂಪಿನಲ್ಲಿ ಕೂತು ಹಾಡಿದರೆ ಯಾರು ಕೇಳ್ತಾರೆ, ಇಲ್ಲಿಗೆ ಬಾ ಅನ್ನುತ್ತಾನೆ. "ನಿರಾಶ್ರಿತರ ಕ್ಯಾಂಪಿನಲ್ಲಿದ್ದುಕೊಂಡು ಸಂಗೀತಗಾರ ಆಗೋಕೆ ಸಾಧ್ಯನಾ ಮೇಡಂ, ಇಲ್ಲ ಹೊರಟುಬಿಡಲಾ?" ಇಷ್ಟು ಪ್ರಶ್ನೆ.

ಅಮ್ಮನ ಹಟದ ಬಗ್ಗೆ ಒಂದೂವರೆ ಪುಟ ಬರೆದಿದ್ದಾನೆ. ದೇಶವಿಲ್ಲದವರ ನೋವಿನ ಬಗ್ಗೆ ಇನ್ನೊಂದು ಪುಟ. ಇವೆರಡರ ನಡುವೆ, ಬ್ರಾಕೆಟ್ಟಿನೊಳಗೆ, ಒಂದು ಸಾಲು: "ನನ್ನ ಹಾಡುಗಳೆಲ್ಲ ಭಾವನ ಯೂಟ್ಯೂಬ್ ಚಾನೆಲ್‌ನಲ್ಲಿವೆ, ದುಡ್ಡಿನ ಲೆಕ್ಕ ಅವರೇ ನೋಡ್ಕೋತಾರೆ."

ತಮ್ಮಾ, ನನ್ನ ವಯಸ್ಸಿಗೆ ನಿನ್ನನ್ನು ಬಹುವಚನದಲ್ಲಿ ಕರೆಯೋಕೆ ಬಾಯಿ ಬರಲ್ಲ, ಬೇಜಾರು ಮಾಡ್ಕೋಬೇಡ. ಟೊರಾಂಟೊನಾ ಬೈಲಕುಪ್ಪೆನಾ ಅನ್ನೋದು ಆಮೇಲಿನ ಮಾತು. ಮೊದಲು ಆ ಬ್ರಾಕೆಟ್ ಬಿಚ್ಚೋಣ.

ನೀನು ಹುಟ್ಟಿದ ಮನೆ ಗುತ್ತಿಗೆ ಜಮೀನಿನ ಮೇಲಿದೆ. 1960-61ರಲ್ಲಿ ನಿಮ್ಮ ಹಿರಿಯರು ಬಂದು ಕಾಡು ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದರು. ಆದರೂ ಆ ಮಣ್ಣು ಯಾರ ಹೆಸರಿಗೂ ಆಗಿಲ್ಲ. ಇಲ್ಲಿ ಇರೋಕೆ ಸರ್ಕಾರ ಕೊಡುವ ನೋಂದಣಿ ಪತ್ರ, ನಿನ್ನ ಆರ್‌ಸಿ, ಅದನ್ನು ನವೀಕರಿಸುತ್ತಲೇ ಇರಬೇಕು. ವಿದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಐಸಿ, ಅಂದರೆ ಗುರುತಿನ ಪತ್ರ. ಇಷ್ಟೆಲ್ಲದರ ನಡುವೆ ಯಾವ ಕಚೇರಿಯ ಠಸ್ಸೆಯೂ ಇಲ್ಲದೆ ಪೂರ್ತಿ ನಿನ್ನದಾಗಿರುವ ಆಸ್ತಿ ಒಂದೇ ಒಂದು, ನೀನು ಕಟ್ಟಿದ ಹಾಡು. ಅದನ್ನು ಒಂದು ಚೀಟಿಯೂ ಬರೆಸಿಕೊಳ್ಳದೆ ಭಾವನ ಕೈಗಿಟ್ಟು ಕೂತಿದ್ದೀಯಲ್ಲ!

ಕಾನೂನು ನಿನ್ನ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡು ರಚಿಸಿದವನೇ ಅದರ ಮೊದಲ ಒಡೆಯ. ಬರಹದಲ್ಲಿ ಸಹಿ ಹಾಕಿ ಕೊಡದ ಹೊರತು ಆ ಹಕ್ಕು ಕೈ ಬದಲಾಗುವುದಿಲ್ಲ. ಭಾರತದಲ್ಲಿ ಮೊದಲು ಪ್ರಕಟವಾದ ಹಾಡಾದರೆ, ಕಟ್ಟಿದವನು ಯಾವ ದೇಶದ ಪ್ರಜೆ ಅಂತ ಕಾಯ್ದೆ ಕೇಳುವುದೂ ಇಲ್ಲ. ಆದರೆ ಒಂದು ಕೊಕ್ಕೆ ಇದೆ. ಹಾಡಿನ ಹಕ್ಕು ಬೇರೆ, ಅದರ ರೆಕಾರ್ಡಿಂಗಿನ ಹಕ್ಕು ಬೇರೆ. ರೆಕಾರ್ಡಿಂಗಿಗೆ ಮುಂದೆ ನಿಂತು ಬಂಡವಾಳ ಹಾಕಿದವರು ಅದರ ಒಡೆಯರು. ಹಾಗಾದರೆ ಬಂಡವಾಳ ಯಾರದು?

ನೀನೇ ಬರೆದಿದ್ದೀಯ: ಸ್ಟುಡಿಯೋ ಬಾಡಿಗೆ ಕಟ್ಟಿದ್ದು ಅಮ್ಮನ ಸ್ವೆಟರ್ ದುಡ್ಡಿನಲ್ಲಿ. ದಸರಾ ಮುಗಿದ ಕೂಡಲೇ ಲೂಧಿಯಾನದ ಮಾಲು ತರಿಸಿಕೊಂಡು, ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸಂಕ್ರಾಂತಿವರೆಗೆ ಕೂತು, "ಲಾಸ್ಟ್ ರೇಟ್ ಹೇಳಮ್ಮಾ" ಅನ್ನುವವರ ಜೊತೆ ಇಡೀ ದಿನ ಚೌಕಾಸಿ ಮಾಡಿ ತಂದ ದುಡ್ಡು ಅದು. ನಿನ್ನ ಪತ್ರದಲ್ಲಿ ಆಕೆ ಕನಸಿಗೆ ಅಡ್ಡಗಾಲು ಹಾಕುವವಳು. ನನ್ನ ಲೆಕ್ಕದಲ್ಲಿ ನಿನ್ನ ಸಂಗೀತಕ್ಕೆ ಇಲ್ಲಿಯವರೆಗೆ ಕಾಸು ಬಿಚ್ಚಿದ ಒಬ್ಬಳೇ ನಿರ್ಮಾಪಕಿ. ಬಂಡವಾಳ ಹಾಕಿದವಳಿಗೆ ನಾಲ್ಕು ವರ್ಷದಿಂದ ಒಂದು ಪೈಸೆಯ ಲೆಕ್ಕ ತೋರಿಸಿಲ್ಲ. ಆಕೆ ನರ್ಸಿಂಗ್ ಓದು ಅನ್ನದೆ ಇನ್ನೇನು ಅಂತಾಳೆ?

ಭಾವನ ಬಗ್ಗೆ ನನಗೆ ಒಳ್ಳೆಯ ಮಾತು ಬರುತ್ತಿಲ್ಲ. ಇರಲಿ, ಆತ ಕಳ್ಳ ಅಂತ ನಾನು ಹೇಳುವುದಿಲ್ಲ. ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿ ಬಾಡಿಗೆ ಕಟ್ಟಿ ಸಂಸಾರ ನಡೆಸುವುದು ಸುಲಭವಲ್ಲ ಅಂತಲೂ ಗೊತ್ತು. ಆದರೆ ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹಳೇ ಪಲ್ಲವಿ ಬಾಯಿಪಾಠ ಆಗಿರಬೇಕು: ನೆಂಟರ ನಡುವಿನ ದುಡ್ಡು ಕಾಗದದ ಮೇಲಿರಬೇಕು. ಇನ್ನೊಂದು ಗಮನಿಸಿದೆಯಾ? ಕ್ಯಾಂಪಿನ ಹಾಡು ಯಾರು ಕೇಳ್ತಾರೆ ಅನ್ನುವವನು ಅದೇ ಹಾಡುಗಳಿಂದ ಚಾನೆಲ್ ನಡೆಸುತ್ತಿದ್ದಾನೆ. ಒಂದು ಸಾವಿರ ಚಂದಾದಾರರು, ಜೊತೆಗೆ ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ, ಇಲ್ಲವೇ ತೊಂಬತ್ತು ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗದೆ ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುವುದಿಲ್ಲ. ಅಲ್ಲಿ ದುಡ್ಡಿನ ಲೆಕ್ಕ ಅಂತ ಒಂದು ಇದೆ ಅಂದರೆ ಕೇಳುವವರು ಇದ್ದಾರೆ ಅಂತಲೇ ಅರ್ಥ.

ನಿನಗೂ ಒಂದು ಮಾತು. ಮದುವೆಗಳಲ್ಲಿ ಹಾಡಿದೆ, ಕೊಡಗಿನ ರೆಸಾರ್ಟಿನಲ್ಲಿ ಹಾಡಿದೆ, "ಗೌರವದ ಬಿಳಿ ಶಾಲು ಖತಾ ಹಾಕಿ ಊಟ ಕೊಟ್ಟರು, ನಿರಾಶ್ರಿತರು ನಾವು, ದುಡ್ಡು ಕೇಳೋಕೆ ಮುಜುಗರ" ಅಂದಿದ್ದೀಯ. ನಿಮ್ಮ ಹೊಸ ವರ್ಷ ಲೋಸಾರ್‌ಗೆ, ಜುಲೈ 6ಕ್ಕೆ ದಲೈ ಲಾಮಾ ಅವರ ಹುಟ್ಟುಹಬ್ಬಕ್ಕೆ ಪುಕ್ಕಟೆ ಹಾಡು, ಅದು ಮನೆಯ ಹಬ್ಬ. ರೆಸಾರ್ಟಿನವನು ಪ್ರವಾಸಿಗರಿಂದ ಒಂದು ರಾತ್ರಿಗೆ ಸಾವಿರಗಟ್ಟಲೆ ಎಣಿಸಿಕೊಳ್ಳುವಾಗ ನಿನಗೇಕೆ ಮುಜುಗರ? ಅಡುಗೆಯವನಿಗೆ ಖತಾ ಹಾಕಿ ಕಳಿಸುತ್ತಾನಾ ಆತ?

ಹೊರಡುವ ವಿಚಾರ. ಎರಡೂ ದಾರಿಯಲ್ಲಿ ನಡೆದವರಿದ್ದಾರೆ. ಹಿಮಾಚಲದ ಧರ್ಮಶಾಲೆ ಊರಿನಲ್ಲಿ ಬೆಳೆದ ತೆನ್ಜಿನ್ ಚೋಗ್ಯಾಲ್ ಆಸ್ಟ್ರೇಲಿಯಾ ಸೇರಿದ ಮೇಲೂ ಡ್ರಾನ್ಯೆನ್ ಬಿಡಲಿಲ್ಲ; ಜೆಜೆಐ ಎಕ್ಸೈಲ್ ಬ್ರದರ್ಸ್ ಅನ್ನುವ ಮೂವರು ಅಣ್ಣತಮ್ಮಂದಿರು ಧರ್ಮಶಾಲೆಯಲ್ಲೇ ಬ್ಯಾಂಡ್ ಕಟ್ಟಿದರು. ಅದೇ ಊರಿನ ಟಿಪಾ, ಅಂದರೆ ಟಿಬೆಟನ್ನರ ರಂಗಕಲೆಗಳ ಸಂಸ್ಥೆ, 1959ರಿಂದ ಟಿಬೆಟಿನ ಹಾಡು, ಕುಣಿತ, ಲಾಮೋ ನಾಟಕ ಕಲಿಸುತ್ತಿದೆ. ಹಾಗಾಗಿ ಕ್ಯಾಂಪಿನಲ್ಲಿದ್ದರೆ ಸಂಗೀತ ಸಾಯುತ್ತದೆ ಅನ್ನುವ ಭಾವನ ವಾದ ನಿಲ್ಲುವುದಿಲ್ಲ. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯ, ಕರ್ನಾಟಕದಲ್ಲೇ ಎಷ್ಟು ಕ್ಯಾಂಪುಗಳಿವೆ, ಒಂದು ಸುತ್ತು ಹಾಡಿಕೊಂಡು ಬಂದಿದ್ದೀಯಾ? ಪತ್ರದಲ್ಲಿ ಅದರ ಸುಳಿವಿಲ್ಲ.

ಹಾಗೆಯೇ, ಅಮ್ಮ ಹುಟ್ಟಿದ್ದೂ ಬೈಲಕುಪ್ಪೆಯಲ್ಲೇ, 1975ರಲ್ಲಿ ಅಂದಿದ್ದೀಯ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದೆ. ಆ ಲೆಕ್ಕದಲ್ಲಿ ನಿನಗೂ ಒಂದು ಬಾಗಿಲು ತೆರೆಯಬಹುದು. ಆದರೆ ಪಾಸ್‌ಪೋರ್ಟ್ ಪಡೆಯುವವರು ಆರ್‌ಸಿ ಒಪ್ಪಿಸಬೇಕು, ಕ್ಯಾಂಪಿನ ಸವಲತ್ತು ಬಿಡಬೇಕು ಅನ್ನುವ ಷರತ್ತುಗಳನ್ನೂ ಸರ್ಕಾರ ಹಾಕಿದ್ದುಂಟು. ನಿಮ್ಮವರಲ್ಲೇ ಇದಕ್ಕೆ ಎರಡು ಮಾತಿದೆ. ಅಮ್ಮನನ್ನು ಕರೆದುಕೊಂಡು ಮೈಸೂರಿನಲ್ಲಿ ಒಬ್ಬ ವಕೀಲರನ್ನು ನೋಡು. ಅವಸರ ಬೇಡ.

ಅವಸರ ಇರುವುದು ಇದಕ್ಕೆ ಮಾತ್ರ. ಇವತ್ತು ರಾತ್ರಿ, ಟೊರಾಂಟೊದಲ್ಲಿ ಬೆಳಗಾಗಿರುವ ಹೊತ್ತಿಗೆ, ಭಾವನಿಗೆ ಬರಹದಲ್ಲಿ ಹೀಗೆ ಕಳಿಸು. ಫೋನ್ ಮಾಡಬೇಡ, ಫೋನಿನಲ್ಲಿ ಅಕ್ಕ ಅಳುತ್ತಾಳೆ, ನೀನು ಕರಗುತ್ತೀಯ.

"ಭಾವಾ, ಹಾಡುಗಳನ್ನು ನನ್ನ ಹೆಸರಿಗೆ ಮಾಡಿಕೊಳ್ಳಬೇಕು ಅಂತ ಇದ್ದೀನಿ. ನನ್ನನ್ನು ಚಾನೆಲ್‌ಗೆ ಓನರ್ ಆಗಿ ಸೇರಿಸಿ. ಚಾನೆಲ್ ಬ್ರ್ಯಾಂಡ್ ಅಕೌಂಟಿನಲ್ಲಿ (ಹಲವರು ಸೇರಿ ನಡೆಸುವ ಖಾತೆ) ಇದ್ದರೆ ಏಳು ದಿನ ಆದಮೇಲೆ ಪ್ರೈಮರಿ ಓನರ್ ಮಾಡೋಕೆ ಬರುತ್ತೆ, ಅದನ್ನೂ ಮಾಡಿಕೊಡಿ. ಶುರುವಿನಿಂದ ಬಂದ ದುಡ್ಡಿನ ಲೆಕ್ಕ ಕಳಿಸಿ. ನೀವು ಪಟ್ಟ ಶ್ರಮಕ್ಕೆ ಎಷ್ಟು ಪಾಲು ಅಂತ ಕೂತು ಮಾತಾಡಿ ಬರೆದಿಟ್ಟುಕೊಳ್ಳೋಣ. ಅಮ್ಮನೂ ಜೊತೆಗಿರ್ತಾರೆ."

ಕೊನೆಯ ವಾಕ್ಯ ಬಿಡಬೇಡ. ಉತ್ತರ ಬಂದ ಮೇಲೆ ಅದನ್ನು ಹಾಗೇ ನನಗೆ ಕಳಿಸು. ಟೊರಾಂಟೊ ವಿಚಾರ ಆಮೇಲೆ ಮಾತಾಡೋಣ.