ರಾಡಿ ನೀರಲ್ಲಿ ಸ್ಟೀಲ್‌ಹೆಡ್

ಪ್ರಶ್ನೆ: ಅಮೆರಿಕದ ಒರೆಗಾನ್‌ನಲ್ಲಿದ್ದೇನೆ. ಚಳಿಗಾಲದ ಮಳೆಗೆ ವಿಲ್ಸನ್ ನದಿ ರಾಡಿಯಾಗಿದೆ. ಸ್ಟೀಲ್‌ಹೆಡ್ (ಕಡಲಿಗೆ ಹೋಗಿ ನದಿಗೆ ಮರಳುವ ಟ್ರೌಟ್ ಮೀನು) ಹಿಡಿಯಲು ಹೋಗುವುದು ದಂಡವೇ?

ಉತ್ತರ: ನೀರು ಏರುತ್ತಿದ್ದರೆ ಸುಮ್ನೆ ಮನೆಯಲ್ಲಿರಿ. ಇಳಿಯಲು ಶುರುವಾಗಿದ್ದರೆ ಖಂಡಿತ ಹೋಗಿ. ಮೊಣಕಾಲುದ್ದ ನೀರಿನ ತಳದ ಕಲ್ಲು ಮಸುಕಾಗಿ ಕಂಡರೂ ನನಗೆ ಸಾಕು. ಜಾಸ್ತಿ ಜನ ಬಂದವರೇ ನಡುಹೊಳೆಗೆ ಗಾಳ ಬೀಸುತ್ತಾರೆ. ಅಲ್ಲಿ ಸೆಳೆತ ಜೋರು, ಮೀನು ದಡದ ಪಕ್ಕದ ನಿಧಾನ ನೀರಿಗೆ ಸರಿದಿರುತ್ತದೆ. ಹಾಗಾಗಿ ನೀರಿಗಿಳಿಯುವ ಮೊದಲೇ ನಿಮ್ಮ ಕಾಲ ಬುಡದಲ್ಲಿ ಗಾಳ ಬಿಡಿ. ರಾಡಿಯಲ್ಲಿ ಮೀನಿನ ಕಣ್ಣಿಗೆ ಕಾಣದ್ದು ಅದರ ಮೂಗಿಗೆ ಸಿಗಬೇಕು, ಅಲ್ವಾ? ಸಾಲ್ಮನ್ ಮೊಟ್ಟೆಯ ದಪ್ಪ ಗೊಂಚಲು ಸಿಕ್ಕಿಸಿ, ಪಕ್ಕದಲ್ಲೇ ಗಾಢ ಗುಲಾಬಿ ನೂಲಿನ ಎಳೆ ಕಟ್ಟಿ. ಗಾಳ ತಳಕ್ಕೆ ತಾಗುತ್ತಾ ನಿಧಾನ ಸಾಗಲಿ. ಸಿಕ್ಕ ಮೀನಿನ ಬೆನ್ನ ಮೇಲೆ, ಬಾಲದ ಹತ್ತಿರ ಪುಟ್ಟ ಈಜುರೆಕ್ಕೆ ಇದ್ದರೆ ಅದು ಸಾಕಿ ಬಿಟ್ಟದ್ದಲ್ಲ (ಸಾಕಿದವಕ್ಕೆ ಆ ರೆಕ್ಕೆ ಕತ್ತರಿಸಿ ಬಿಡುತ್ತಾರೆ), ನದಿಯಲ್ಲೇ ಹುಟ್ಟಿದ್ದು. ನೀರಿನಿಂದ ಎತ್ತದೆಯೇ ಬಿಟ್ಟುಬಿಡಿ.