ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಶ್‌ಬೋನಿಗೆ ಯಾವ ಬೋಲ್ಟು?

ಪ್ರಶ್ನೆ: ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ನೆಲೆಸಿರುವ ನಾನು ಎರಡು ವರ್ಷಗಳಿಂದ ಮನೆಯ ಗ್ಯಾರೇಜಿನಲ್ಲಿ ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರೊಂದನ್ನು ಜೋಡಿಸುತ್ತಿದ್ದೇನೆ. ರಸ್ತೆಗೆ ಇಳಿಸುವ ಮುನ್ನ ಅದು ಐವಿಎ ತಪಾಸಣೆಯಲ್ಲಿ (ಹೀಗೆ ಬಿಡಿಯಾಗಿ ಕಟ್ಟಿದ ವಾಹನಗಳಿಗೆ ಬ್ರಿಟನ್ನಿನ ಸರ್ಕಾರಿ ಪರೀಕ್ಷೆ) ತೇರ್ಗಡೆಯಾಗಬೇಕು. ಮುಂದಿನ ವಿಶ್‌ಬೋನುಗಳಿಗೆಂದು (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಸಸ್ಪೆನ್ಷನ್ ತೋಳುಗಳಿಗೆಂದು) ಕಿಟ್ಟಿನ ಜೊತೆ ಬಂದಿರುವ 12 ಮಿ.ಮೀ. ಬೋಲ್ಟುಗಳು 8.8 ದರ್ಜೆಯವು, ಆದರೆ ಎಲ್ಲವೂ ಫುಲ್ ಥ್ರೆಡ್, ಅಂದರೆ ತಲೆಯವರೆಗೂ ಥ್ರೆಡ್ ಇರುವವು. ಗೆಳೆಯರೊಬ್ಬರು 12.9 ದರ್ಜೆಯ ಅಲೆನ್ ಬೋಲ್ಟ್ ಹಾಕಿಬಿಡಿ ಎನ್ನುತ್ತಾರೆ. ಇಲ್ಲಿನ ಮಳೆಯನ್ನೂ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪನ್ನೂ ನೋಡಿದರೆ ನನಗೆ ಸ್ಟೇನ್‌ಲೆಸ್ ಸ್ಟೀಲೇ ವಾಸಿ ಅನ್ನಿಸುತ್ತದೆ. ಯಾವುದನ್ನು ಆರಿಸಲಿ? ಪಕ್ಕದ ಬ್ರಾಕೆಟ್ಟುಗಳ ತಗಡು 3 ಮಿ.ಮೀ., ತೋಳಿನ ಬುಡದಲ್ಲಿ ಬೋಲ್ಟು ತೂರುವ ಬುಷ್ಷಿನ ಒಳಕೊಳವೆಯ ಉದ್ದ 50 ಮಿ.ಮೀ. ಇದೆ.

ಉತ್ತರ: ದರ್ಜೆ 8.8 ಆಗಿಯೇ ಇರಲಿ, ಆದರೆ ಫುಲ್ ಥ್ರೆಡ್ ಬೋಲ್ಟುಗಳನ್ನು ತೆಗೆದಿಟ್ಟು ಹಾಫ್ ಥ್ರೆಡ್ (ತಲೆಯ ಕೆಳಗೆ ನುಣುಪಾಗಿದ್ದು ತುದಿಯಲ್ಲಿ ಮಾತ್ರ ಥ್ರೆಡ್ ಇರುವ) ಬೋಲ್ಟುಗಳನ್ನು ತನ್ನಿ. ನೀವು ಅಳತೆಗಳನ್ನೂ ಬರೆದು ಕಳಿಸಿರುವುದರಿಂದ ಲೆಕ್ಕವನ್ನೇ ಮುಂದಿಟ್ಟು ಕಾರಣ ಹೇಳಬಹುದು.

8.8 ಎಂಬ ಗುರುತಿನಲ್ಲಿ ಮೊದಲಿನ 8, ಬೋಲ್ಟಿನ ಉಕ್ಕು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತವನ್ನು ತಾಳಬಲ್ಲದು ಎಂದು ತಿಳಿಸಿದರೆ, ಚುಕ್ಕೆಯ ನಂತರದ 8, ಆ ಬಲದ ನೂರಕ್ಕೆ ಎಂಬತ್ತರಷ್ಟನ್ನು, ಅಂದರೆ 640 ನ್ಯೂಟನ್ ತಲುಪಿದಾಗ ಉಕ್ಕು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ ಎಂದು ತಿಳಿಸುತ್ತದೆ. 12 ಮಿ.ಮೀ. ಬೋಲ್ಟಿನ ನುಣುಪಾದ ಭಾಗದ ಅಡ್ಡಕೊಯ್ತ ಸುಮಾರು 113 ಚದರ ಮಿ.ಮೀ. ಇರುತ್ತದೆ. ಕತ್ತರಿಸುವ ಬಲದ ಎದುರು ಉಕ್ಕಿನ ತಾಳಿಕೆಯನ್ನು ಎಳೆತದ ತಾಳಿಕೆಯ ಆರು ದಶಾಂಶವೆಂದು ಹಿಡಿದರೂ, ಬ್ರಾಕೆಟ್ಟಿನ ಎರಡು ಕಿವಿಗಳ (ಎರಡು ಬದಿಯ ತಗಡುಗಳ) ನಡುವೆ ಕುಳಿತ ಒಂದು ಬೋಲ್ಟನ್ನು ತುಂಡರಿಸಲು ಹತ್ತು ಟನ್ನಿಗೂ ಮೀರಿದ ಬಲ ಬೇಕು. ನಿಮ್ಮ ಕಾರಾದರೋ ಇಡಿಯಾಗಿ ತೂಗಿದರೂ ಆರುನೂರು ಕಿಲೋದ ಆಸುಪಾಸಿನದು. ಆದ್ದರಿಂದ ಬೋಲ್ಟು ತುಂಡಾದೀತೆಂಬ ಭಯದಿಂದ 12.9ಕ್ಕೆ ಹೋಗುವ ಅಗತ್ಯ ಕಾಣುವುದಿಲ್ಲ.

ವಿಶ್‌ಬೋನಿನ ಬೋಲ್ಟು ಬಾಗಿಲಿನ ಕೀಲಿನ ಕಡ್ಡಿಯಂತೆ ಭಾರ ಹೊರುತ್ತದೆಂದು ಅನೇಕರು ಭಾವಿಸಿದ್ದಾರೆ. ಸರಿಯಾಗಿ ಬಿಗಿದ ಬೋಲ್ಟಿನ ಕೆಲಸ ಬೇರೆಯೇ. ನಟ್ಟನ್ನು ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗಿ, ಬ್ರಾಕೆಟ್ಟಿನ ಎರಡು ಕಿವಿಗಳನ್ನು ಬುಷ್ಷಿನ ಒಳಕೊಳವೆಯ ಎರಡೂ ತುದಿಗಳಿಗೆ ಒತ್ತಿ ಹಿಡಿಯುತ್ತದೆ. ಚಕ್ರದಿಂದ ಬರುವ ಹೊಡೆತವನ್ನು ತಾಳುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆ. ಕೊಳವೆ ಅಲುಗದಿರುವ ತನಕ ಬೋಲ್ಟಿಗೆ ಅಡ್ಡಹೊಡೆತ ತಾಗುವುದೇ ಇಲ್ಲವೆನ್ನಬಹುದು. 8.8 ದರ್ಜೆಯ ಎಂ12 (12 ಮಿ.ಮೀ.) ಬೋಲ್ಟನ್ನು ಎಣ್ಣೆ ಸವರದೆ ಸುಮಾರು 85 ನ್ಯೂಟನ್ ಮೀಟರ್ ಟಾರ್ಕಿಗೆ ಬಿಗಿದರೆ ಮೂರೂವರೆ ಟನ್ನಿನಷ್ಟು ಹಿಡಿತ ಸಿಗುತ್ತದೆ. ಕಿಟ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ, ಏಕೆಂದರೆ ತೆಳುವಾದ ಕೊಳವೆಯಾದರೆ ಬೋಲ್ಟಿಗಿಂತ ಮೊದಲು ಅದೇ ಕುಗ್ಗೀತು. 12.9 ಬೋಲ್ಟು ಹಾಕಿ ಇದೇ ಟಾರ್ಕಿಗೆ ಬಿಗಿದರೆ ಸಿಗುವ ಹಿಡಿತವೂ ಇಷ್ಟೇ. ಹೆಚ್ಚು ಕೊಟ್ಟ ಹಣಕ್ಕೆ ಏನೂ ಬರಲಿಲ್ಲವೆಂದಾಯಿತು.

12.9ಕ್ಕೆ ಇನ್ನೊಂದು ತೊಡಕೂ ಇದೆ. ಅಷ್ಟು ಗಡುಸಾದ ಉಕ್ಕಿಗೆ ವಿದ್ಯುತ್ ಲೇಪನದಿಂದ ಸತುವು ಹಚ್ಚುವಾಗ ಹೈಡ್ರೋಜನ್ ಒಳಸೇರುತ್ತದೆ, ಮತ್ತು ಲೇಪನವಾದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಹಾಕದಿದ್ದರೆ, ಬಿಗಿದ ಬೋಲ್ಟು ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ನಿಂತಲ್ಲೇ ಮುರಿಯಬಹುದು. ಲೇಪನವಿಲ್ಲದ ಕಪ್ಪು ಬೋಲ್ಟಿಗೆ ಈ ಅಪಾಯ ಕಡಿಮೆ, ಆದರೆ ನೀವೇ ಬರೆದಿರುವ ಉಪ್ಪು ಅದನ್ನು ಬೇಗ ತುಕ್ಕು ಹಿಡಿಸುತ್ತದೆ. 8.8 ದರ್ಜೆಯ ಉಕ್ಕು ಇಷ್ಟು ಗಡುಸಲ್ಲವಾದ್ದರಿಂದ ಸತುವಿನ ಲೇಪನವಿದ್ದರೂ ಆ ಚಿಂತೆಯಿಲ್ಲ, ಮತ್ತು ಅತಿಭಾರ ಬಿದ್ದಾಗ ಅದು ಥಟ್ಟನೆ ತುಂಡಾಗುವ ಬದಲು ಬಾಗಿ ಸುಳಿವು ಕೊಡುತ್ತದೆ.

ಸ್ಟೇನ್‌ಲೆಸ್ ಬಗ್ಗೆ ನಿಮ್ಮ ಒಲವು ಅರ್ಥವಾಗುತ್ತದೆ. ಹೊರಗೆ ಕಾಣುವ ಸಸ್ಪೆನ್ಷನ್ ಇರುವ ಕಾರಿನಲ್ಲಿ ತುಕ್ಕು ಹಿಡಿದ ಬೋಲ್ಟು ಕಣ್ಣಿಗೆ ಚುಚ್ಚುತ್ತದೆ. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟು 640ರ ಜಾಗದಲ್ಲಿ 450 ನ್ಯೂಟನ್ನಿಗೇ ಹಿಗ್ಗತೊಡಗುತ್ತದೆ, ಅಂದರೆ ಅದನ್ನು ಅಷ್ಟರಮಟ್ಟಿಗೆ ಸಡಿಲವಾಗಿಯೇ ಬಿಗಿಯಬೇಕು. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ತಿರುಗುವಾಗ ಥ್ರೆಡ್ಡುಗಳು ಒಂದಕ್ಕೊಂದು ಕಚ್ಚಿಕೊಂಡು ನಡುದಾರಿಯಲ್ಲೇ ನಿಂತುಬಿಡುವ ಚಾಳಿ ಬೇರೆ. ಆಗ ಟಾರ್ಕ್ ಪಾನಾ 85 ಎಂದು ತೋರಿಸಿದರೂ ಬುಷ್ಷಿಗೆ ಆ ಬಿಗಿತ ತಲುಪಿರುವುದಿಲ್ಲ. ನಂಬರ್ ಪ್ಲೇಟಿಗೂ ಮಡ್‌ಗಾರ್ಡಿಗೂ ಸ್ಟೇನ್‌ಲೆಸ್ ಇರಲಿ. ಸಸ್ಪೆನ್ಷನ್, ಸ್ಟಿಯರಿಂಗ್ ಮತ್ತು ಸೀಟ್ ಬೆಲ್ಟಿನ ಹತ್ತಿರ ಬೇಡ.

ಇನ್ನು ಫುಲ್ ಥ್ರೆಡ್ಡಿನ ವಿಷಯ. ತಗಡಿನ ತೂತಿನೊಳಗೆ ಥ್ರೆಡ್ ಕುಳಿತರೆ ಅದರ ಚೂಪು ಏಣುಗಳಷ್ಟೇ ತಗಡಿಗೆ ತಾಗುತ್ತವೆ. ಹಿಡಿತ ಒಂದಿಷ್ಟು ಸಡಿಲಿದ ದಿನದಿಂದ ಆ ಏಣುಗಳು ಅರದಂತೆ ಉಜ್ಜಿ ತೂತನ್ನು ಮೊಟ್ಟೆಯಾಕಾರಕ್ಕೆ ತರುತ್ತವೆ, ಜೊತೆಗೆ ಥ್ರೆಡ್ಡಿನ ಬುಡವೇ ಬೋಲ್ಟಿನಲ್ಲಿ ಬಿರುಕು ಹುಟ್ಟಲು ಅನುಕೂಲವಾದ ಜಾಗ. ನುಣುಪಾದ ಭಾಗ ಎರಡೂ ಕಿವಿಗಳನ್ನು ದಾಟಿ ಹೋಗಬೇಕೆನ್ನುವುದು ಇದಕ್ಕಾಗಿ.

ನಿಮ್ಮ ಅಳತೆಯಲ್ಲಿ ಕೊಳವೆ 50, ಎರಡು ತಗಡು ಸೇರಿ 6, ತಲೆಯ ಕೆಳಗೂ ನಟ್ಟಿನ ಕೆಳಗೂ ತಲಾ ಎರಡೂವರೆ ಮಿಲಿಮೀಟರಿನ ವಾಷರ್, ಒಟ್ಟು 61 ಮಿ.ಮೀ. 80 ಮಿ.ಮೀ. ಉದ್ದದ ಎಂ12 ಬೋಲ್ಟು ನೋಡಲು ಹೇಳಿ ಮಾಡಿಸಿದಂತಿದ್ದರೂ, ಆ ಉದ್ದದ ಹಾಫ್ ಥ್ರೆಡ್ ಬೋಲ್ಟಿನಲ್ಲಿ ತುದಿಯಿಂದ 30 ಮಿ.ಮೀ. ಥ್ರೆಡ್ ಇರುವುದರಿಂದ ನುಣುಪು 50ಕ್ಕೇ ಮುಗಿದು, ಆಚೆಯ ಕಿವಿ ಥ್ರೆಡ್ಡಿನ ಮೇಲೆಯೇ ಕೂರುತ್ತದೆ. 90 ಮಿ.ಮೀ. ಬೋಲ್ಟು ತಂದರೆ ನುಣುಪು 60ರ ಹತ್ತಿರ ಮುಗಿಯುತ್ತದೆ, ನಟ್ಟು ಕೂರುವುದು 61ರಲ್ಲಿ. ಇಲ್ಲಿ ವಾಷರನ್ನು ಬಿಟ್ಟರೆ ನಟ್ಟು ನುಣುಪಿನ ಅಂಚಿಗೆ ತಾಗಿ ನಿಂತುಬಿಡುತ್ತದೆ. ಬಿಗಿಯಾದಂತೆ ಕಂಡರೂ ಬುಷ್ಷಿಗೆ ಹಿಡಿತವಿರುವುದಿಲ್ಲ. ನಟ್ಟಿನಾಚೆ ಉಳಿಯುವ ಹದಿನೈದು ಮಿಲಿಮೀಟರಿನಷ್ಟು ಬಾಲವನ್ನು ಗರಗಸದಿಂದ ಕೊಯ್ದು, ಅರ ಹಾಕಿ, ಬಣ್ಣ ಬಳಿಯಿರಿ. ನೈಲಾಕ್ ನಟ್ಟಿನಿಂದ (ಒಳಗೆ ನೈಲಾನ್ ಉಂಗುರವಿರುವ, ಸಡಿಲದಂತೆ ತಡೆಯುವ ನಟ್ಟು) ಎರಡು ಪೂರ್ಣ ಥ್ರೆಡ್ಡಾದರೂ ಹೊರಗೆ ಕಾಣುತ್ತಿರಬೇಕು. ನಟ್ಟೂ 8ನೆಯ ದರ್ಜೆಯದೇ ಆಗಿರಲಿ.

ತಪಾಸಣೆಗೆ ಸಂಬಂಧಿಸಿ ಕೆಲವು ಮಾತು. 2009ರಲ್ಲಿ ಹಿಂದಿನ ಎಸ್‌ವಿಎ ಪರೀಕ್ಷೆಯ ಜಾಗಕ್ಕೆ ಬಂದ ಐವಿಎಯಲ್ಲಿ ಪರೀಕ್ಷಕರು ಕಾರನ್ನು ಬಿಚ್ಚಿ ನೋಡುವುದಿಲ್ಲ. ಬೋಲ್ಟಿನ ಗುಣಕ್ಕೆ ಅವರ ಕಣ್ಣಿಗೆ ಸಿಗುವ ಸಾಕ್ಷಿಯೆಂದರೆ ತಲೆಯ ಮೇಲಿನ 8.8 ಗುರುತು ಮತ್ತು ತಯಾರಕರ ಮುದ್ರೆ. ಹಾಗಾಗಿ ತಲೆಯ ಮೇಲೆ ಬಣ್ಣ ಬಳಿಯಬೇಡಿ, ಸಾಧ್ಯವಿದ್ದಲ್ಲೆಲ್ಲ ತಲೆ ಕಾಣುವ ದಿಕ್ಕಿಗೇ ಬೋಲ್ಟು ತೂರಿಸಿ, ಖರೀದಿಯ ರಸೀದಿಗಳನ್ನು ಜೊತೆಗಿಟ್ಟುಕೊಳ್ಳಿ. ಸೆವೆನ್ ಮಾದರಿಯ ಕಾರಿನಲ್ಲಿ ಮುಂದಿನ ಸಸ್ಪೆನ್ಷನ್ ಪೂರ್ತಿ ಬಯಲಿನಲ್ಲಿರುವುದರಿಂದ ಹೊರಚಾಚಿದ ಭಾಗಗಳ ನಿಯಮವೂ ಅನ್ವಯಿಸುತ್ತದೆ: 100 ಮಿ.ಮೀ. ವ್ಯಾಸದ ಗೋಲ ತಾಗಬಲ್ಲ ಅಂಚುಗಳು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ನಟ್ಟು, ಬೋಲ್ಟುಗಳ ಮೇಲೆ ಪ್ಲಾಸ್ಟಿಕ್ ಟೋಪಿ ಕೂರಿಸಿ ಇದನ್ನು ನಿಭಾಯಿಸುವುದು ರೂಢಿ. ಪರೀಕ್ಷೆ ಮುಗಿದ ಸಂಜೆಯೇ ಆ ಟೋಪಿಗಳು ಮಾಯವಾಗುವುದೂ ರೂಢಿಯೇ, ಆದರೆ ಪಾದಚಾರಿಯ ಮೊಣಕಾಲಿಗೆ ಪರೀಕ್ಷೆಯ ತಾರೀಖು ಗೊತ್ತಿರುವುದಿಲ್ಲ. ಟೋಪಿಯೊಳಗಿನ ಗುರುತು ನೋಡಬೇಕೆಂದು ಪರೀಕ್ಷಕರು ಕೇಳಿದರೆ ಸುಲಭವಾಗಿ ತೆಗೆಯಲು ಬರುವಂತಿರಲಿ, ಅಂಟು ಹಾಕಬೇಡಿ.

ಕೊನೆಯದಾಗಿ, ನಿಮ್ಮ ಬುಷ್ಷುಗಳು ಲೋಹಕ್ಕೆ ಅಂಟಿದ ರಬ್ಬರಿನವಾದರೆ, ಕಾರು ತನ್ನ ಚಕ್ರಗಳ ಮೇಲೆ ನಿಂತು ಸಹಜ ಎತ್ತರಕ್ಕೆ ಇಳಿದ ಮೇಲಷ್ಟೇ ಪೂರ್ತಿ ಬಿಗಿಯಿರಿ. ಜ್ಯಾಕಿನ ಮೇಲೆ ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ ಕಾರು ಇಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಾವು ಫಾರ್ಮುಲಾ ಮಾದರಿಯ ರೇಸ್ ಕಾರು ಕಟ್ಟುತ್ತಿದ್ದೇವೆ. ಸ್ಪ್ರಿಂಗ್ ವಾಷರ್ ಹಾಕಿದರೆ ನೈಲಾಕ್ ನಟ್ ಬೇಕೇ? ಪೇಟೆಯಲ್ಲಿ ಎಚ್‌ಟಿ (ಹೈ ಟೆನ್ಸೈಲ್) ಬೋಲ್ಟ್ ಎಂದು ಕೊಟ್ಟವುಗಳ ತಲೆಯ ಮೇಲೆ ಏನೂ ಬರೆದಿಲ್ಲ. ಬಳಸಬಹುದೇ?

ಉತ್ತರ: ಬರೆಯದ ಬೋಲ್ಟನ್ನು ಬಳಸಬೇಡಿ. ಗುರುತಿಲ್ಲದ ಬೋಲ್ಟು 4.6 ದರ್ಜೆಯ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕಿನ) ಬೋಲ್ಟೇ ಎಂದು ಭಾವಿಸಿ ನಡೆಯುವುದು ಕ್ಷೇಮ, ಮತ್ತು ಅದು 640ರ ಜಾಗದಲ್ಲಿ 240 ನ್ಯೂಟನ್ನಿಗೇ ಹಿಗ್ಗುತ್ತದೆ. ಫಾರ್ಮುಲಾ ವಿದ್ಯಾರ್ಥಿ ಸ್ಪರ್ಧೆಗಳ ನಿಯಮವೂ ಸಸ್ಪೆನ್ಷನ್, ಬ್ರೇಕ್, ಸ್ಟಿಯರಿಂಗುಗಳಿಗೆ ಕನಿಷ್ಠ 8.8 ದರ್ಜೆಯನ್ನೇ ಕೇಳುತ್ತದೆ. ನಮ್ಮಲ್ಲಿ ಟಿವಿಎಸ್, ಅನ್‌ಬ್ರಾಕೋ ಮುಂತಾದ ಹೆಸರಿನ ಬೋಲ್ಟುಗಳು ತಲೆಯ ಮೇಲೆ ಹೆಸರು, ದರ್ಜೆ ಎರಡನ್ನೂ ಹೊತ್ತು ಬರುತ್ತವೆ. ಬಿಲ್ಲು ಕೊಡುವ ಅಂಗಡಿಯಲ್ಲಿ ಕೊಳ್ಳಿ.

ಸ್ಪ್ರಿಂಗ್ ವಾಷರ್ ವಿಷಯದಲ್ಲಿ ನಮ್ಮ ವರ್ಕ್‌ಶಾಪುಗಳ ನಂಬಿಕೆ ಗಟ್ಟಿಯಾಗಿದೆ, ಆಧಾರ ಮಾತ್ರ ಪೊಳ್ಳು. ಪೂರ್ತಿ ಬಿಗಿದ ಬೋಲ್ಟಿನ ಕೆಳಗೆ ಅದು ಚಪ್ಪಟೆಯಾಗಿ ಬರಿಯ ವಾಷರ್ ಆಗಿಬಿಡುತ್ತದೆ. ಅಡ್ಡಕ್ಕೆ ನಡುಗುವ ಜೋಡಣೆಯಲ್ಲಿ ಬೋಲ್ಟು ತಾನಾಗಿ ಬಿಚ್ಚಿಕೊಳ್ಳುವ ಬಗೆಯನ್ನು ಜರ್ಮನಿಯ ಗೆರ್‌ಹಾರ್ಡ್ ಯುಂಕರ್ 1969ರಲ್ಲೇ ವಿವರಿಸಿದ್ದಾರೆ, ಮತ್ತು ಅವರ ಹೆಸರಿನ ಯಂತ್ರದ ಮೇಲೆ ಇಟ್ಟಾಗ ಸ್ಪ್ರಿಂಗ್ ವಾಷರ್ ಅದನ್ನು ತಡೆಯುವುದಿಲ್ಲ. ನೈಲಾಕ್ ಹಾಕಿ. ರಾಡ್ ಎಂಡ್ (ತೋಳಿನ ತುದಿಯ ಗುಂಡು ಕೀಲು) ಒಂದೇ ಕಿವಿಗೆ ಜೋತಿದ್ದರೆ ಅದರ ಗುಂಡಿನ ಮನೆಗಿಂತ ಅಗಲವಾದ ವಾಷರೊಂದನ್ನು ಹೊರಗಡೆ ಇಡುವುದನ್ನು ಮರೆಯಬೇಡಿ. ಗುಂಡು ಕಿತ್ತು ಬಂದರೂ ತೋಳು ಬೋಲ್ಟಿನಿಂದ ಕಳಚಿ ಹೋಗುವುದಿಲ್ಲ. ಅದರ ಚೆಕ್ ನಟ್ಟನ್ನೂ ಬಿಗಿದಿರಿ.

ಪ್ರಶ್ನೆ: ಒಮ್ಮೆ ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬಹುದೇ? (ಉಡುಪಿಯ ಗ್ಯಾರೇಜಿನವರು)

ಉತ್ತರ: ಸಸ್ಪೆನ್ಷನ್ನಿಗೆ ಬೇಡ. ಮೊದಲ ಬಾರಿಗೇ ಬೋಲ್ಟು ನೈಲಾನಿನಲ್ಲಿ ತನ್ನ ದಾರಿ ಕೊರೆದಿರುತ್ತದೆ. ನೈಲಾನು 120 ಡಿಗ್ರಿಯ ಆಚೆಗೆ ಮೆತ್ತಗಾಗುವುದರಿಂದ ಸೈಲೆನ್ಸರ್ ಮತ್ತು ಬ್ರೇಕ್ ಡಿಸ್ಕಿನ ಪಕ್ಕದಲ್ಲಿ ಹೊಸದನ್ನೂ ಹಾಕದೆ, ಪೂರ್ತಿ ಲೋಹದ ಲಾಕ್ ನಟ್ಟನ್ನು ಹಾಕಿ.